ಹಳೇ ಬೋರ್ಡು, ಸದ್ದಿಲ್ಲದ ಡಿಸ್ಕು

2009ರ ಬೇಸಿಗೆಯಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯ ರಾಮನಗರ ಶಾಖೆಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಶಾಖೆ ಅಂದರೆ ಕೇಳುವವರು ದೊಡ್ಡದೇನೋ ಅಂದುಕೊಳ್ಳುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ, ಒಂದು ಮೇಜು, ಬಿಚ್ಚಿಟ್ಟ ನಾಲ್ಕು ಕಂಪ್ಯೂಟರು ಮತ್ತು ನಾನು. ಮ್ಯಾನೇಜರೂ ನಾನೇ, ಕಸ ಗುಡಿಸುವವನೂ ನಾನೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ಗಿರಾಕಿಗಳ ಕಂಪ್ಯೂಟರ್ ಎಲ್ಲಿ ಕೆಟ್ಟರೂ ಟೂಲ್ ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತುವುದು ನನ್ನ ಕೆಲಸ. ರಾಮನಗರ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು. ನಾನು ಆ ಹೊತ್ತಿಗೆ ಈ ಕಸುಬಿನಲ್ಲಿ ಹದಿನಾರು ವರ್ಷ ಸವೆಸಿದ್ದೆ.

ಹೆದ್ದಾರಿಯ ಎರಡೂ ಬದಿಗೆ ಕಾರ್ಖಾನೆಗಳು ಎದ್ದು ನಿಲ್ಲುತ್ತಿದ್ದ ಕಾಲ ಅದು. ಅದರ ಗಾಳಿ ಸಣ್ಣಪುಟ್ಟ ಶೆಡ್ಡುಗಳಿಗೂ ಬೀಸಿತ್ತು. ಕನಕಪುರದ ಕಲ್ಲು ಪಾಲಿಶ್ ಮಾಡುವ ಜಾಗದಲ್ಲಿ ಕಂಪ್ಯೂಟರು, ಮಾಗಡಿಯ ಎಣ್ಣೆ ಮಿಲ್ಲಿನಲ್ಲಿ ಕಂಪ್ಯೂಟರು. ಎ.ಸಿ. ಕೋಣೆಯಲ್ಲಿ ಬಾಳಬೇಕಾದ ಪೆಟ್ಟಿಗೆಯನ್ನು ಇವರು ದೂಳು, ಎಣ್ಣೆ, ಅದುರಾಟದ ನಡುವೆ ತಂದು ಕೂರಿಸುತ್ತಿದ್ದರು. ಕೂರಿಸಿದ ಮೇಲೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದರೇ ಹೊರತು ಆರು ತಿಂಗಳಿಗೊಮ್ಮೆ ದೂಳು ಹೊಡೆಯಿರಪ್ಪ ಅಂದರೆ ಯಾರೂ ಕೇಳುತ್ತಿರಲಿಲ್ಲ.

ಇಂಥ ಜಾಗದಲ್ಲಿ ಮೊದಲು ಸಾಯುವುದು ಹಾರ್ಡ್ ಡಿಸ್ಕ್. ನಮ್ಮ ಕಡತ, ಪ್ರೋಗ್ರಾಂ ಎಲ್ಲ ಉಳಿಯುವುದು ಅದರಲ್ಲಿ. ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ, ಮುಟ್ಟಿಯೂ ಮುಟ್ಟದ ಹಾಗೆ, ಒಂದು ಹೆಡ್ ಓಡಾಡುತ್ತಾ ಓದುತ್ತದೆ, ಬರೆಯುತ್ತದೆ. ಪಕ್ಕದಲ್ಲಿ ಯಂತ್ರ ಅದುರಿ ಹೆಡ್ ತಟ್ಟೆಗೆ ತಾಗಿತೋ, ಮುಗಿಯಿತು ಕಥೆ.

ಸಾಯುತ್ತಿರುವ ಡಿಸ್ಕನ್ನು ಕಿವಿಯಿಂದ ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಈ ಕಡೆ ಇರಲಿಲ್ಲ. ಜಂಬ ಅಂದುಕೊಂಡರೂ ಪರವಾಗಿಲ್ಲ, ನಿಜವನ್ನೇ ಹೇಳುತ್ತಿದ್ದೇನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಡಿಸ್ಕಿನ ಮೇಲೆ, ಹಿಡಿ ನನ್ನ ಕಿವಿಗೆ. ತಟ್ಟೆ ತಿರುಗುವ ಸಣ್ಣ ಗುಂಯ್‌ಗಾನ ಸರಿಯಿದೆಯೋ, ಬೇರಿಂಗ್ ಸವೆದಿದೆಯೋ, ಹೆಡ್ ತಡವರಿಸುತ್ತಿದೆಯೋ, ಮುಚ್ಚಳ ಬಿಚ್ಚದೆ ಹೇಳುತ್ತಿದ್ದೆ. ಕನಕಪುರದ ಗಿರಾಕಿಯೊಬ್ಬರಿಗೆ ಫೋನನ್ನೇ ಡಿಸ್ಕಿನ ಹತ್ತಿರ ಹಿಡಿಯಿರಿ ಅಂದು, ರಾಮನಗರದಲ್ಲಿ ಕೂತೇ ಇನ್ನು ಎರಡು ದಿನ ಅಷ್ಟೇ ಅಂದಿದ್ದೆ. ಎರಡನೇ ದಿನ ಅದು ನಿಂತಿತು. ಆಮೇಲೆ ಅವರು ನನ್ನನ್ನು ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು, ನಾನೂ ಬೇಡ ಅನ್ನುತ್ತಿರಲಿಲ್ಲ.

ಈ ಕಿವಿಯ ಸೊಕ್ಕು ಇಳಿದದ್ದು ಚನ್ನಪಟ್ಟಣದಲ್ಲಿ, ಅನ್ಸರ್ ಅವರ ಗೊಂಬೆ ಶೆಡ್ಡಿನಲ್ಲಿ.

ಅನ್ಸರ್‌ಗೆ ಆಗ ಮೂವತ್ತೈದರ ಆಸುಪಾಸು. ಅವರ ಅಕ್ಕ ನೂರ್‌ಜಾನ್ ತಮ್ಮನಿಗಿಂತ ಹದಿನೈದು ವರ್ಷ ದೊಡ್ಡವರು. ಅನ್ಸರ್ ಆಕೆಯನ್ನು ಆಪಾ, ಅಂದರೆ ಅಕ್ಕ, ಅಂತ ಕರೆಯುತ್ತಿದ್ದರು. ಶೆಡ್ಡಿಗೆ ಬಂದವರೆಲ್ಲ ಆಪಾ ಅಂತಲೇ ಕರೆದು ಕರೆದು ನನಗೂ ಅವರು ಆಪಾ ಆದರು. ಗಂಡ ತೀರಿಕೊಂಡ ಮೇಲೆ ತಮ್ಮನ ಶೆಡ್ಡಿಗೆ ಬಂದವರು ಮರ ತಿರುಗಿಸುವ ಲೇತಿನ ಮುಂದೆ ಕೂತು ಹಾಲೆ ಮರದ ತುಂಡಿಗೆ ಉಳಿ ಹಿಡಿದರೆ ಮಣಿ, ಬುಗುರಿ, ಕುಂಕುಮದ ಭರಣಿ ಒಂದರ ಹಿಂದೆ ಒಂದು ಉದುರುತ್ತಿದ್ದವಂತೆ. ನಾನು ಆ ಕಾಲ ನೋಡಿಲ್ಲ. ನಾನು ನೋಡುವ ಹೊತ್ತಿಗೆ ಆಪಾ ಬಸ್ ಇಳಿಯುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ತಿರುಗುವ ಮರ ಉಳಿಯನ್ನು ಒದೆಯುತ್ತದೆ, ಆ ಒದೆತ ತಡೆಯುವ ಶಕ್ತಿ ಆ ಕೈಗೆ ಇನ್ನು ಬರುವ ಹಾಗಿರಲಿಲ್ಲ.

ಬಣ್ಣ ಹಾಕಲು ಮಾತ್ರ ಆ ಕೈ ಸಾಕಿತ್ತು. ಚನ್ನಪಟ್ಟಣದ ಗೊಂಬೆಗೆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಬಿಸಿ ಕಡಿಮೆಯಾದರೆ ಅರಗು ಹಿಡಿಯುವುದಿಲ್ಲ, ಹೆಚ್ಚಾದರೆ ಸೀದು ಕಪ್ಪಾಗುತ್ತದೆ. ಎಷ್ಟು ಬಿಸಿ ಬೇಕು ಅನ್ನುವುದನ್ನು ಆಪಾ ಬೆರಳಿನ ಹಿಂಬದಿಯನ್ನು ಮರದ ಹತ್ತಿರ ಹಿಡಿದು ತಿಳಿಯುತ್ತಿದ್ದರು. ಲೇತಿಗೆ ಹಾಕಲಾಗದ ಚಪ್ಪಟೆ ತುಂಡುಗಳು, ಆನೆಯ ಕಿವಿ, ಹಕ್ಕಿಯ ರೆಕ್ಕೆ ಇಂಥವಕ್ಕೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಸ್ಪ್ರೇ ಗನ್ನಿನಲ್ಲಿ ಹೊಡೆಯುವುದೂ ಅವರದೇ ಕೆಲಸ.

ಉಳಿಯ ಕೆಲಸಕ್ಕೆ ಅನ್ಸರ್ ಬೆಂಗಳೂರಿನಲ್ಲಿ ಮುಚ್ಚಿಹೋದ ಪೀಠೋಪಕರಣ ಕಾರ್ಖಾನೆಯೊಂದರಿಂದ ಕಂಪ್ಯೂಟರ್ ನಡೆಸುವ ಲೇತನ್ನು ತಂದಿದ್ದರು. ಯಂತ್ರ ಕೆತ್ತುತ್ತಿತ್ತು, ಆಪಾ ಬಣ್ಣ ಹಾಕುತ್ತಿದ್ದರು. ಯಂತ್ರ ಇಲ್ಲದಿದ್ದರೆ ಅನ್ಸರ್ ಬೇರೆ ಶೆಡ್ಡುಗಳಿಂದ ಗೊಂಬೆ ಮಾಡಿಸಬೇಕು. ಅಲ್ಲಿಯವರು ಕೆತ್ತಿ, ಬಣ್ಣವನ್ನೂ ಹಾಕಿಯೇ ಕೊಡುತ್ತಾರೆ. ಅಂದರೆ ಯಂತ್ರ ಹೋದ ದಿನ ಆಪಾಗೂ ಕೆಲಸ ಹೋಗುತ್ತದೆ. ಇದನ್ನು ನನಗೆ ಹೇಳಿದವರು ಅನ್ಸರ್. ಆಪಾ ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಆ ಲೇತಿಗೆ ಜೋಡಿಸಿದ್ದ ಕಂಪ್ಯೂಟರ್ ಪೆಂಟಿಯಂ ತ್ರೀ ಕಾಲದ್ದು, ಒಳಗೆ ವಿಂಡೋಸ್ 98. ಹೊಸದು ಹಾಕಿ ಅಂತ ನೀವು ಕೇಳಬಹುದು. ಲೇತನ್ನು ನಡೆಸುವ ಕಂಟ್ರೋಲ್ ಕಾರ್ಡ್ ಕೂರುತ್ತಿದ್ದುದು ಐ.ಎಸ್.ಎ. ಎಂಬ ತೀರಾ ಹಳೆಯ ಸ್ಲಾಟ್‌ನಲ್ಲಿ. ಸ್ಲಾಟ್ ಅಂದರೆ ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ಇರುವ ಸೀಳು. ಹೊಸ ಬೋರ್ಡುಗಳಲ್ಲಿ ಐ.ಎಸ್.ಎ. ಇರಲೇ ಇಲ್ಲ. ಆ ಬೋರ್ಡ್ ಹೋದರೆ ಇಡೀ ಲೇತು ಗುಜರಿ. ಬೋರ್ಡಿನಲ್ಲಿ ಐ.ಎಸ್.ಎ. ಅಲ್ಲದೆ ಪಿ.ಸಿ.ಐ. ಎಂಬ ಎರಡು ಸ್ಲಾಟ್ ಇದ್ದವು. ಒಂದರಲ್ಲಿ ಪರದೆಯ ಡಿಸ್‌ಪ್ಲೇ ಕಾರ್ಡ್, ಇನ್ನೊಂದು ಖಾಲಿ.

ಲೇತು ಮರ ಕಚ್ಚುವಾಗ ಮೇಜೆಲ್ಲ ಅದುರುತ್ತಿತ್ತು. ಹಿಂದಿನ ಹದಿನಾಲ್ಕು ತಿಂಗಳಲ್ಲಿ ಎರಡು ಹಾರ್ಡ್ ಡಿಸ್ಕ್ ತಿಂದಿತ್ತು. ಮೂರನೆಯದು ಆ ಸೋಮವಾರ ಬೆಳಿಗ್ಗೆ ಶುರು ಹಚ್ಚಿಕೊಂಡಿತು. ಅನ್ಸರ್ ಫೋನ್ ಮಾಡಿದರು.

"ಸಾರ್, ಮತ್ತೆ ಟಿಕ್ ಟಿಕ್ ಅಂತೈತೆ. ನನ್ ಕೈಲಿ ಇನ್ ಆಗಲ್ಲ. ಗುರುವಾರ ಮೂರು ಗಂಟೆಗೆ ಬೆಂಗಳೂರಿಂದ ಹಳೇ ಮಿಷಿನ್ ಕೊಳ್ಳೋರ ಟೆಂಪೋ ಬತ್ತೈತೆ. ಅಷ್ಟ್ರಲ್ಲಿ ಸರಿ ಹೋದ್ರೆ ಸರಿ, ಇಲ್ದಿದ್ರೆ ಮಿಷಿನ್ ಕೊಟ್ಬುಡ್ತೀನಿ."

ಅವರ ಕಷ್ಟವೂ ಸುಳ್ಳಲ್ಲ. ಮಕ್ಕಳು ಕಡ್ಡಿಗೆ ಬಳೆ ಪೋಣಿಸುವ ಆಟಿಕೆಯ ಮಾದರಿಗಳನ್ನು ಶುಕ್ರವಾರದೊಳಗೆ ಕೊಡುವುದಾಗಿ ಒಬ್ಬ ರಫ್ತುದಾರರಿಗೆ ಮಾತು ಕೊಟ್ಟಿದ್ದರು. ಕಡ್ಡಿಗೂ ಬಳೆಗೂ ಕಾಲು ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಅಷ್ಟು ಕರಾರುವಾಕ್ಕಾಗಿ ನೂರಾರು ತುಂಡು ಒಂದೇ ಸಮ ಕೆತ್ತುವುದು ಯಂತ್ರದಿಂದ ಮಾತ್ರ ಸಾಧ್ಯವಿತ್ತು.

ನಾನು ಆಗಲೇ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್.ಎಸ್.ಡಿ. ಬಗ್ಗೆ ಓದಿದ್ದೆ. ಅದರೊಳಗೆ ತಟ್ಟೆ ಇಲ್ಲ, ಹೆಡ್ ಇಲ್ಲ, ಅಲುಗಾಡುವ ಒಂದು ಚೂರೂ ಇಲ್ಲ. ಬರೀ ಎಲೆಕ್ಟ್ರಾನಿಕ್ ಚಿಪ್ಪುಗಳು. ಅದುರಿದರೆ ಅದಕ್ಕೇನು? ಆಯಸ್ಸು ಮುಗಿಯುತ್ತಾ ಬಂದ ಆ ಯಂತ್ರಕ್ಕೆ ಇದೇ ಮದ್ದು ಅಂತ ಶೆಡ್ಡಿಗೆ ಹೋಗಿ ಅನ್ಸರ್ ಅವರನ್ನು ಒಪ್ಪಿಸಿ, ಹಳೇ ಡಿಸ್ಕನ್ನು ಬಿಚ್ಚಿಕೊಂಡು, ಸೋಮವಾರ ಮಧ್ಯಾಹ್ನವೇ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ 32 ಜಿ.ಬಿ.ಯದೊಂದು ತಂದೆ. ಅಂಗಡಿಯಲ್ಲಿ ಇದ್ದವೆಲ್ಲ ಸಾಟಾ ಎಂಬ ಹೊಸ ನಮೂನೆಯ ಸಾಕೆಟ್ಟಿನವು, ಹಳೇ ಬೋರ್ಡಿನಲ್ಲಿ ಆ ಸಾಕೆಟ್ ಇಲ್ಲ. ಅದಕ್ಕೂ ದಾರಿ ಇತ್ತು. ಖಾಲಿ ಪಿ.ಸಿ.ಐ. ಸ್ಲಾಟ್‌ಗೆ ಒಂದು ಸಾಟಾ ಕಾರ್ಡ್ ಹಾಕಿ, ಆ ಕಾರ್ಡಿಗೆ ಡ್ರೈವ್ ಜೋಡಿಸುವುದು.

ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 200 ಎಂ.ಬಿ. ಓದುತ್ತದೆ ಅಂತ ಅಚ್ಚು ಹಾಕಿದ್ದರು. ಪಿ.ಸಿ.ಐ. ಸ್ಲಾಟ್ ಲೆಕ್ಕದ ಪ್ರಕಾರ 133ಕ್ಕಿಂತ ಹೆಚ್ಚು ಸಾಗಿಸಲಾರದು, ಅದರಲ್ಲೂ ಡಿಸ್‌ಪ್ಲೇ ಕಾರ್ಡ್ ಜೊತೆ ಹಂಚಿಕೊಳ್ಳಬೇಕು. ಹೆದ್ದಾರಿಯಲ್ಲಿ ಓಡಬೇಕಾದ ಕಾರನ್ನು ಊರ ಗಲ್ಲಿಗೆ ಇಳಿಸಿದ ಹಾಗೆ. ಅಂಗಡಿಯವನು ಇಷ್ಟು ಒಳ್ಳೇ ಮಾಲನ್ನು ಆ ತುಕ್ಕು ಬೋರ್ಡಿಗೆ ಹಾಕ್ತೀರಾ ಅಂತ ನಕ್ಕ. ನಾನು ದುಡ್ಡು ಎಣಿಸಿ ಕೊಟ್ಟು ಬಂದೆ.

ಸಂಜೆ ರಾಮನಗರದ ಕೋಣೆಯಲ್ಲಿ, ಸಾಯುತ್ತಿದ್ದ ಡಿಸ್ಕಿನಿಂದ ಎಲ್ಲವನ್ನೂ ಹೊಸ ಡ್ರೈವಿಗೆ ನಕಲು ಮಾಡಿದೆ. ಹಳೆಯದರ ಒದ್ದಾಟದ ಸದ್ದಿನಲ್ಲಿ ಹೊಸದು ಸದ್ದು ಮಾಡುತ್ತದೋ ಇಲ್ಲವೋ ಅನ್ನುವುದರ ಕಡೆ ಗಮನವೇ ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಡ್ರೈವನ್ನು ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಚನ್ನಪಟ್ಟಣದ ಬಸ್ ಹತ್ತಿದೆ. ಹದಿನಾರು ವರ್ಷದ ಅಭ್ಯಾಸ, ಡಿಸ್ಕ್ ಅಂದರೆ ಎಳೆ ಮಗು. ಶೆಡ್ಡಿನಲ್ಲಿ ಕಾರ್ಡ್ ಸಿಕ್ಕಿಸಿ, ಡ್ರೈವ್ ಜೋಡಿಸಿ, ಕಂಪ್ಯೂಟರ್ ಆನ್ ಮಾಡಿದೆ. ಪರದೆಯ ಮೇಲೆ ಡಿಸ್ಕ್ ಇಲ್ಲ ಎಂಬ ಸಂದೇಶ ಬಂದು ನಿಂತಿತು. ಇನ್ನೊಮ್ಮೆ ಮಾಡಿದೆ. ಅದೇ. ಕೈ ತಾನಾಗಿಯೇ ಸ್ಕ್ರೂಡ್ರೈವರ್ ತೆಗೆಯಿತು, ತುದಿ ಡ್ರೈವಿನ ಮೇಲೆ, ಹಿಡಿ ಕಿವಿಗೆ. ಒಂದು ಚೂರೂ ಸದ್ದಿಲ್ಲ. ನಾನು ತಲೆಯಾಡಿಸಿ, ಬಸ್ಸಿನ ಕುಲುಕಾಟಕ್ಕೆ ಸತ್ತಿದೆ ಅಂತ ತೀರ್ಪು ಕೊಟ್ಟೆ.

ಅನ್ಸರ್ ನನ್ನನ್ನೇ ನೋಡಿದರು. "ಅಲ್ಲಾ ಸಾರ್, ನೆಲಕ್ಕೆ ಎತ್ತಾಕಿದ್ರೂ ಏನೂ ಆಗಲ್ಲ ಅಂತ ನೆನ್ನೆ ನೀವೇ ಅಂದ್ರಿ. ಮಡಿಲಲ್ಲಿ ಇಟ್ಕಂಡು ತಂದ್ರೆ ಸತ್ತೋಯ್ತಾ?"

ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಲುಗಾಡುವ ಚೂರೇ ಇಲ್ಲ ಅಂತ ಅದನ್ನು ಮಾರಿದವನೂ ನಾನೇ, ಅದು ತಿರುಗುವ ಸದ್ದು ಕೇಳಿಸುತ್ತಿಲ್ಲ ಅಂತ ಕಿವಿ ಕೊಟ್ಟು ಕೂತವನೂ ನಾನೇ! ಬುದ್ಧಿ ಒಪ್ಪಿದ್ದನ್ನು ಕೈ ಒಪ್ಪಿರಲಿಲ್ಲ. ಏನೋ ಗೊಣಗಿ ಡ್ರೈವ್ ಎತ್ತಿಕೊಂಡು ರಾಮನಗರಕ್ಕೆ ಬಂದು, ನನ್ನ ಮೇಜಿನ ಕಂಪ್ಯೂಟರಿಗೆ ಹಾಕಿದರೆ ಡ್ರೈವ್ ಗಟ್ಟಿಮುಟ್ಟಾಗಿತ್ತು. ಒಂದು ಕಡತವೂ ಮುಕ್ಕಾಗಿರಲಿಲ್ಲ.

ಹಾಗಾದರೆ ಕಾರ್ಡೇ ಸರಿಯಿಲ್ಲ ಅಂದುಕೊಂಡು ಬುಧವಾರ ಮತ್ತೆ ಎಸ್.ಪಿ. ರಸ್ತೆಗೆ ಹೋಗಿ, ಹಳೇ ಬೋರ್ಡುಗಳಿಗೆ ಹೊಂದುತ್ತದೆ ಅಂತ ಅಂಗಡಿಯವನು ಆಣೆ ಮಾಡಿದ ಬೇರೆ ಕಾರ್ಡ್ ತಂದೆ. ಗುರುವಾರ ಹತ್ತು ಗಂಟೆಗೆ ಶೆಡ್ಡಿನಲ್ಲಿದ್ದೆ. ಕಾರ್ಡಿನ ಅಂಚಿನಲ್ಲಿರುವ ಚಿನ್ನದ ಲೇಪದ ಸಂಪರ್ಕ ಪಟ್ಟಿಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಹೊಳೆಯುವಂತೆ ಮಾಡಿದೆ, ಅದು ನಮ್ಮ ಕಸುಬಿನವರೆಲ್ಲ ಮಾಡುವ ಉಪಚಾರ. ಸ್ಲಾಟ್‌ನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗಿನ ಸಂಪರ್ಕಗಳು ಹಳದಿಯಾಗಿ ಫಳಫಳ ಅನ್ನುತ್ತಿದ್ದವು. ಹಳೇ ಬೋರ್ಡಾದರೂ ಚಿನ್ನದ ಲೇಪ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಕಾರ್ಡ್ ಹಾಕಿ ಆನ್ ಮಾಡಿದೆ. ಅದೇ ಸಂದೇಶ.

ಹನ್ನೊಂದೂವರೆಯ ಹೊತ್ತಿಗೆ ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಖರ್ಚಾಗಿತ್ತು. ಡ್ರೈವ್ ಸರಿಯಿದೆ, ಎರಡೆರಡು ಕಾರ್ಡ್ ನೋಡಿದ್ದಾಯಿತು. ಉಳಿದದ್ದು ಬೋರ್ಡ್. ಸರ್ವಿಸ್ ರಿಪೋರ್ಟ್ ಪುಸ್ತಕ ತೆಗೆದು, ಬೋರ್ಡ್ ಹೊಸ ಕಾರ್ಡನ್ನು ಒಪ್ಪುತ್ತಿಲ್ಲ, ದುರಸ್ತಿಗೆ ಯೋಗ್ಯವಲ್ಲ ಅಂತ ಬರೆಯತೊಡಗಿದೆ. ಆ ಒಂದು ಸಾಲು ಬರೆದರೆ ಮೂರು ಗಂಟೆಗೆ ಲೇತು ಟೆಂಪೋ ಏರುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಬರೆಯುತ್ತಿದ್ದೆ. ಅನ್ಸರ್ ಬಾಗಿಲ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು.

ಅಷ್ಟು ಹೊತ್ತೂ ಗೋಡೆಗೆ ಒರಗಿ ನೋಡುತ್ತಿದ್ದ ಆಪಾ ಹತ್ತಿರ ಬಂದರು. "ಸಾರ್, ಒಸಿ ಮುಟ್ಟಿ ನೋಡ್ಲಾ?"

ಕಂಪ್ಯೂಟರ್ ಆನ್ ಆಗಿಯೇ ಇತ್ತು. ಒಳಗಿನ ವಿದ್ಯುತ್ತು ಕೈಗೆ ಅಪಾಯ ಮಾಡುವಷ್ಟಿಲ್ಲ, ನಮ್ಮ ಮೈಯ ಸ್ಥಾಯಿ ವಿದ್ಯುತ್ತಿನಿಂದ ಚಿಪ್ಪಿಗೇ ಅಪಾಯ. ಮೊದಲು ಪೆಟ್ಟಿಗೆಯ ತಗಡು ಮುಟ್ಟಿ, ಆಮೇಲೆ ಮುಟ್ಟಿ ಅಂದೆ. ಮನಸ್ಸಿನಲ್ಲಿ, ಇನ್ನೇನು ಕೆಡುವುದು ಉಳಿದಿದೆ ಅಂತಲೂ ಅಂದುಕೊಂಡೆ. ಆಪಾ ಬಲಗೈಯ ಬೆರಳುಗಳನ್ನು ಮಡಚಿ, ಹಿಂಬದಿಯನ್ನು ಮೊದಲು ಡ್ರೈವಿನ ಹತ್ತಿರ ಹಿಡಿದರು. ಆಮೇಲೆ ಡಿಸ್‌ಪ್ಲೇ ಕಾರ್ಡು. ಆಮೇಲೆ ನನ್ನ ಸಾಟಾ ಕಾರ್ಡಿನ ಚಿಪ್ಪು. ಪೆಟ್ಟಿಗೆಯ ತಗಡನ್ನು ಮತ್ತೆ ಮುಟ್ಟಿದರು. ಎಲ್ಲ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಈ ಡಬ್ಬಿ ಬೆಚ್ಚಗೈತೆ ಸಾರ್. ಆ ಕಡೆ ಹಲಗೆನೂ ಬಿಸಿ ಐತೆ. ನೀವ್ ತಂದಿರೋ ಹಲಗೆ ಮಾತ್ರ ತಗಡಿನಷ್ಟೇ ತಣ್ಣಗೈತೆ. ಅದ್ಕೆ ಕರೆಂಟೇ ಸಿಕ್ತಾ ಇಲ್ಲ."

ಡ್ರೈವಿಗೆ ವಿದ್ಯುತ್ ಬರುವುದು ಬೇರೆ ವೈರಿನಿಂದ, ಕಾರ್ಡಿಗೆ ಬರುವುದು ಸ್ಲಾಟ್ ಮೂಲಕ. ಕಾರ್ಡ್ ಕೆಲಸ ಮಾಡಲಿ ಬಿಡಲಿ, ವಿದ್ಯುತ್ ಸಿಕ್ಕರೆ ಚಿಪ್ ಬಿಸಿಯಾಗಲೇಬೇಕು. ತಣ್ಣಗಿದೆ ಅಂದರೆ ಸ್ಲಾಟ್‌ಗೂ ಕಾರ್ಡಿಗೂ ಸಂಪರ್ಕವೇ ಆಗಿಲ್ಲ. ಇಷ್ಟು ಸರಳ ವಿಷಯ! ಡಿಸ್‌ಪ್ಲೇ ಕಾರ್ಡನ್ನು ಕಿತ್ತು ಆ ಖಾಲಿ ಸ್ಲಾಟ್‌ಗೆ ಹಾಕಿ ನೋಡಿದ್ದರೂ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಅದು ನನಗೆ ಹೊಳೆದಿರಲಿಲ್ಲ, ನಾನು ನನ್ನ ಕಿವಿಯನ್ನೇ ನಂಬಿ ಕೂತಿದ್ದೆ. ಮೇ ತಿಂಗಳ ಸೆಕೆಯಲ್ಲಿ, ತಗಡಿನ ಶೆಡ್ಡಿನಲ್ಲಿ, ಮೂರೋ ನಾಲ್ಕೋ ಡಿಗ್ರಿಯ ವ್ಯತ್ಯಾಸವನ್ನು ಆ ಬೆರಳುಗಳು ತೂಗಿ ಹೇಳಿದ್ದವು. ಅನುಮಾನದಿಂದ ನಾನೂ ಮುಟ್ಟಿ ನೋಡಿದೆ. ನನ್ನ ಬೆರಳಿಗೆ ಎಲ್ಲವೂ ಒಂದೇ ಥರ ಇತ್ತು.

ಕಂಪ್ಯೂಟರ್ ಆಫ್ ಮಾಡಿ ಕಾರ್ಡ್ ಕಿತ್ತು, ಮತ್ತೆ ಟಾರ್ಚ್ ಬಿಟ್ಟೆ. ಇಷ್ಟು ಚೆನ್ನಾಗಿರುವ ಚಿನ್ನದ ಲೇಪ ಸಂಪರ್ಕ ಕೊಡುವುದಿಲ್ಲ ಅಂದರೆ ಹೇಗೆ ಅಂತ ಜೋರಾಗಿಯೇ ಅಂದುಕೊಂಡೆ. ಆಪಾ ಬಗ್ಗಿ ನೋಡಿದರು. ತಲೆಯ ಪಿನ್ನು ತೆಗೆದು ಸ್ಲಾಟ್‌ನ ಅಂಚನ್ನು ಮೆಲ್ಲಗೆ ಕೆರೆದರು. ಪಿನ್ನಿನ ತುದಿಗೆ ಹಳದಿ ಹೊಟ್ಟು ಬಂತು. ಅದನ್ನು ಉಗುರಿನಲ್ಲಿ ಒತ್ತಿ, ಮೂಗಿನ ಹತ್ತಿರ ಹಿಡಿದರು.

"ಇದು ಚಿನ್ನ ಅಲ್ಲ ಸಾರ್, ಅರಗು."

ನಾನು ಮೆಚ್ಚಿಕೊಂಡಿದ್ದ ಹೊಳಪು ಗೊಂಬೆಯ ಹೊಳಪು! ಕಂಪ್ಯೂಟರಿನ ಹಿಂಬದಿಗೆ ನಾಲ್ಕು ಅಡಿ ದೂರದಲ್ಲಿ ಆಪಾ ಸ್ಪ್ರೇ ಹೊಡೆಯುವ ಮೂಲೆ ಇತ್ತು. ಖಾಲಿ ಸ್ಲಾಟ್‌ನ ನೇರಕ್ಕೆ ಪೆಟ್ಟಿಗೆಯ ಹಿಂದೆ ಒಂದು ಉದ್ದನೆಯ ಕಿಂಡಿ ಇರುತ್ತದೆ, ಕಾರ್ಡ್ ಇಲ್ಲದಾಗ ಅದನ್ನು ತಗಡಿನ ಪಟ್ಟಿಯಿಂದ ಮುಚ್ಚಿರಬೇಕು. ಇದರಲ್ಲಿ ಪಟ್ಟಿ ಇರಲಿಲ್ಲ. ಒಳಗಿನ ಫ್ಯಾನ್ ಗಾಳಿಯನ್ನು ಹೊರಗೆ ದೂಡುತ್ತಿದ್ದರೆ, ಆ ಕಿಂಡಿಯಿಂದ ಹೊಸ ಗಾಳಿ ಒಳಗೆ ನುಗ್ಗುತ್ತಿತ್ತು. ಆ ಗಾಳಿಯ ಜೊತೆ ಅರಗಿನ ಹನಿಗಳೂ ಬಂದು ಸ್ಲಾಟ್‌ನ ಸಂಪರ್ಕಗಳ ಮೇಲೆ ಕೂತು ಒಣಗಿ, ಪದರದ ಮೇಲೆ ಪದರವಾಗಿದ್ದವು. ಅರಗಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಕಾರ್ಡ್ ಇದ್ದ ಪಕ್ಕದ ಸ್ಲಾಟ್‌ಗೆ ಅದು ಇಳಿದಿರಲಿಲ್ಲ.

ಅದನ್ನು ತೆಗೆಯುವುದು ಹೇಗೆ ಅಂತ ನಾನು ಕೇಳುವ ಮೊದಲೇ ಆಪಾ ಸ್ಪಿರಿಟ್ ಬಾಟಲಿ ತಂದಿದ್ದರು. ಅರಗಿಗೆ ಅದೇ ಮದ್ದು. ಸೀಳು ತೀರಾ ಕಿರಿದು, ನನ್ನ ಬ್ರಷ್ ಹೋಗುವ ಹಾಗಿರಲಿಲ್ಲ. ಹೊಳಪು ಕೊಡುವ ತಾಳೆಗರಿಯ ಒಂದು ಎಸಳನ್ನು ಸೀಳಿ, ತೆಳ್ಳನೆಯ ಹತ್ತಿ ಬಟ್ಟೆ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಸ್ಲಾಟ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಒತ್ತಿನಲ್ಲಿ ಎಳೆದರು. ಬಟ್ಟೆ ಹೊರಬಂದಾಗ ಅದರ ಮೇಲೆ ಆನೆಯ ಕಿವಿಯ ಕೆಂಪು, ಹಕ್ಕಿಯ ರೆಕ್ಕೆಯ ಹಳದಿ. ಬಟ್ಟೆ ಬದಲಿಸಿ ಬದಲಿಸಿ ಒಂಬತ್ತು ಸಲ ಎಳೆದ ಮೇಲೆ ಅದು ಬೆಳ್ಳಗೆ ಬಂತು. ಒಳಗೆ ಕಂಡ ನಿಜವಾದ ಸಂಪರ್ಕಗಳು ಮಂಕು ಬಣ್ಣದವು, ಹೊಳಪೇನೂ ಇರಲಿಲ್ಲ.

ಸ್ಪಿರಿಟ್ ಪೂರ್ತಿ ಆರಲೆಂದು ಅರ್ಧ ಗಂಟೆ ಕಾದೆವು. ಕಾರ್ಡ್ ಕೂರಿಸಿ ಆನ್ ಮಾಡಿದೆ. ಆಪಾ ಪರದೆಯ ಕಡೆ ನೋಡಲೇ ಇಲ್ಲ, ಬೆರಳನ್ನು ಚಿಪ್ಪಿನ ಹತ್ತಿರ ಹಿಡಿದಿದ್ದರು. ಪರದೆಯ ಮೇಲೆ ಕಾರ್ಡಿನ ಹೆಸರು, ಅದರ ಕೆಳಗೆ ಡ್ರೈವಿನ ಹೆಸರು ಮೂಡುವುದಕ್ಕೂ ಅವರು ಬಿಸಿ ಬಂತು ಅನ್ನುವುದಕ್ಕೂ ಸರಿಹೋಯಿತು.

ಆಮೇಲೆ ನಡೆದದ್ದನ್ನು ಇವತ್ತಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಹಳೇ ಡಿಸ್ಕ್ ಚೆನ್ನಾಗಿದ್ದಾಗಲೂ ಆ ಕಂಪ್ಯೂಟರ್ ಶುರುವಾಗಿ ಲೇತಿನ ಪ್ರೋಗ್ರಾಂ ತೆರೆಯಲು ಎರಡು ನಿಮಿಷ ನಲವತ್ತು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಅನ್ಸರ್ ಟೀ ಕುಡಿದು ಬರುತ್ತಿದ್ದರು. ಈಗ ನಾನು ಗಡಿಯಾರ ಹಿಡಿದಿದ್ದೆ. ಮೂವತ್ತೆಂಟು ಸೆಕೆಂಡ್. ಲೇತಿನ ಇನ್ನೂರ ಹನ್ನೆರಡು ವಿನ್ಯಾಸಗಳ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಬಂದು ನಿಂತಿತು. ವೇಗ ಅಳೆದೆ. ಪೆಟ್ಟಿಗೆಯ ಮೇಲಿದ್ದ 200 ಬರಲಿಲ್ಲ, ಬಂದದ್ದು 91. ಗಲ್ಲಿ ಗಲ್ಲಿಯೇ. ಆದರೆ ಹಳೇ ಡಿಸ್ಕ್ ಕೊಡುತ್ತಿದ್ದುದು 24. ಅದಕ್ಕಿಂತ ದೊಡ್ಡ ವಿಷಯ ಬೇರೆ ಇತ್ತು. ಹಳೇ ಡಿಸ್ಕಿನಲ್ಲಿ ಪ್ರತಿ ತುಣುಕಿಗೂ ಹೆಡ್ ಓಡಿಹೋಗಿ, ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಇದರಲ್ಲಿ ಓಡುವುದೂ ಇಲ್ಲ, ಕಾಯುವುದೂ ಇಲ್ಲ. ಗಲ್ಲಿ ಕಿರಿದಾದರೂ ತಡವಾಗದೆ ಇರುವುದು ಅದಕ್ಕೇ.

ನಾನು ಆ ಪುಟ್ಟ ಡಬ್ಬಿಯನ್ನೇ ನೋಡುತ್ತಾ ಕೂತುಬಿಟ್ಟೆ. ನಾನು ಕಂಡ ಕಸುಬುಗಳೆಲ್ಲ ತಿರುಗುವುದನ್ನು ನಂಬಿದವು. ರೇಷ್ಮೆ ಬಿಚ್ಚುವ ರಾಟೆ ತಿರುಗಬೇಕು, ಎಣ್ಣೆಯ ಗಾಣ ತಿರುಗಬೇಕು, ಲೇತು ತಿರುಗಬೇಕು, ನನ್ನ ಡಿಸ್ಕೂ ತಿರುಗಬೇಕು. ಇದು ಮಾತ್ರ ಇದ್ದಲ್ಲೇ ಇದ್ದು, ಉಸಿರೂ ಬಿಡದೆ, ಎಲ್ಲವನ್ನೂ ನೆನಪಿಟ್ಟುಕೊಂಡು ಕೇಳಿದ ಕ್ಷಣಕ್ಕೆ ಕೊಡುತ್ತಿತ್ತು. ಹದಿನಾರು ವರ್ಷದ ನನ್ನ ಕಿವಿ ಇನ್ನು ಕೆಲಸಕ್ಕೆ ಬಾರದು ಅಂತ ಆ ಕ್ಷಣ ತಿಳಿಯಿತು. ಬೇಸರವಾಗಬೇಕಿತ್ತು, ಆಗಲಿಲ್ಲ. ಮೈ ಜುಂ ಅಂದಿತ್ತು.

ಆಪಾ ಕೂಡ ಅದನ್ನೇ ನೋಡುತ್ತಿದ್ದರು. "ತಿರುಗ್ದಲೇ ಕೆಲ್ಸ ಮಾಡೋದು ನಾನ್ ನೋಡಿದ್ದು ಇದೊಂದೇ ಸಾರ್."

ಲೇತು ಹತ್ತಿಸಿದೆವು. ಮರ ಕಚ್ಚಿತು, ಮೇಜು ಎಂದಿನಂತೆ ಗಡಗಡ ಅದುರಿತು, ಪರದೆಯ ಮೇಲಿನ ಅಂಕಿಗಳು ಒಮ್ಮೆಯೂ ತಡವರಿಸಲಿಲ್ಲ. ಮೊದಲ ಬಳೆ ಮೊದಲ ಕಡ್ಡಿಗೆ ನುಣ್ಣಗೆ ಇಳಿಯಿತು. ಅನ್ಸರ್ ಅದನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿ, ಫೋನ್ ಎತ್ತಿ ಟೆಂಪೋದವನಿಗೆ ಬರಬೇಡ ಅಂದರು. ಆಗ ಎರಡು ಗಂಟೆ ಹತ್ತು ನಿಮಿಷ.

ಫೋನ್ ಇಟ್ಟವರೇ ಅಕ್ಕನ ಕಡೆ ತಿರುಗಿದರು. ಮನೆಯಲ್ಲಿ ಉರ್ದು ಮಾತಾಡುವವರು, ನನಗೂ ತಿಳಿಯಲಿ ಅಂತಲೋ ಏನೋ, ಕನ್ನಡದಲ್ಲೇ ಶುರು ಮಾಡಿದರು. ಕಂಪ್ಯೂಟರ್ ಹತ್ತಿರ ಗನ್ ಹೊಡೆದು ನೀನೇ ಎಲ್ಲ ಹಾಳು ಮಾಡಿದೆ, ಮೂರು ದಿನ ನನ್ನ ಜೀವ ತಿಂದೆ, ಬಂದ ಇಂಜಿನಿಯರಿಗೂ ತಲೆ ಕೆಡಿಸಿದೆ, ಇವತ್ತಿನಿಂದ ಗನ್ನೂ ಮುಟ್ಟಬೇಡ ಈ ಕಡೆಗೂ ಬರಬೇಡ ಅಂದರು. ಮೂರು ದಿನದಿಂದ ಕಟ್ಟಿಟ್ಟುಕೊಂಡಿದ್ದ ಭಯವೆಲ್ಲ ಸಿಟ್ಟಾಗಿ ಹೊರಬರುತ್ತಿತ್ತು. ಆಪಾ ಬಣ್ಣದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಮಡಚುತ್ತಿದ್ದರು.

ನನ್ನ ಮುಂದೆ ರಿಪೋರ್ಟ್ ಪುಸ್ತಕ ತೆರೆದೇ ಇತ್ತು. ಬೋರ್ಡಿನ ಮೇಲೆ ಹೊರಿಸಿದ್ದ ಸಾಲನ್ನು ಹೊಡೆದುಹಾಕಿದ್ದೆ. ಈಗ ಅಲ್ಲಿ, ಸ್ಲಾಟ್‌ನಲ್ಲಿ ಅರಗು ಸೇರಿಕೊಂಡಿತ್ತು, ಶುಚಿ ಮಾಡಲಾಯಿತು ಅಂತ ಬರೆದು ಸಹಿ ಹಾಕಿಸಿಕೊಂಡರೆ ನನ್ನ ಕೆಲಸ ಮುಗಿಯುತ್ತಿತ್ತು. ಬರೆದದ್ದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಪೆಟ್ಟಿಗೆಯ ಹಿಂದಿನ ಕಿಂಡಿಯಲ್ಲಿ ಪಟ್ಟಿ ಏಕೆ ಇರಲಿಲ್ಲ ಅನ್ನುವುದು ನನಗೆ ಆಗಲೇ ನೆನಪಾಗಿತ್ತು. ಎರಡು ವರ್ಷದ ಹಿಂದೆ ಆ ಸ್ಲಾಟ್‌ನಲ್ಲಿ ಫೋನ್ ಲೈನಿಗೆ ಜೋಡಿಸುವ, ಸಿಡಿಲಿಗೆ ಸುಟ್ಟ ಒಂದು ಮೋಡೆಮ್ ಕಾರ್ಡ್ ಇತ್ತು. ಕಿತ್ತವನು ನಾನು. ಮುಚ್ಚುವ ಪಟ್ಟಿ ಬ್ಯಾಗಿನಲ್ಲಿರಲಿಲ್ಲ, ಮುಂದಿನ ಸಲ ಬಂದಾಗ ಹಾಕೋಣ ಅಂತ ಹಾಗೇ ಬಿಟ್ಟುಹೋಗಿದ್ದೆ. ಆಮೇಲೆ ಐದಾರು ಸಲ ಬಂದಿದ್ದೆ. ಗನ್ ಹೊಡೆಯುವ ಮೂಲೆ ಮೊದಲಿನಿಂದಲೂ ಅಲ್ಲೇ ಇತ್ತು, ಕಿಂಡಿ ಮಾತ್ರ ನನ್ನದು.

ಅನ್ಸರ್ ನನ್ನನ್ನು ಬಹಳ ನಂಬಿದ್ದರು. ಈ ಮಾತು ಹೊರಬಿದ್ದರೆ ಅವರ ಸರ್ವಿಸ್ ಒಪ್ಪಂದ ಕೈತಪ್ಪಿ ಹೋಗುತ್ತದೆ, ಕಂಪನಿಗೆ ದೂರು ಹೋಗುತ್ತದೆ. ಆಪಾ ಕೊನೆಯ ಬಟ್ಟೆ ಮಡಚಿ, ಸ್ಪ್ರೇ ಗನ್ನಿನ ಪೈಪು ಬಿಚ್ಚಲು ಕೈ ಹಾಕಿದರು. ಆ ಸೊಟ್ಟ ಮಣಿಕಟ್ಟು ನೋಡಿ ನನಗೆ ತಡೆಯಲಾಗಲಿಲ್ಲ.

"ಬೈಯೋದಾದ್ರೆ ನನ್ನ ಬೈರಿ ಅನ್ಸರ್ ಭಾಯ್. ಆ ಕಿಂಡಿ ಮುಚ್ಚದೆ ಹೋದೋನು ನಾನು."

ಮೋಡೆಮ್ ಕಥೆಯನ್ನು ಪೂರ್ತಿ ಹೇಳಿದೆ. ಅನ್ಸರ್ ಅಕ್ಕನ ಕೈಯಿಂದ ಪೈಪು ಇಸಿದುಕೊಂಡು, ಮತ್ತೆ ಗನ್ನಿಗೆ ಸಿಕ್ಕಿಸಿ, ಅದರ ಜಾಗದಲ್ಲಿ ಇಟ್ಟು, ಟೀ ತರಿಸುತ್ತೇನೆ ಅಂತ ಹೊರಗೆ ಹೋದರು.

ನಾನು ಆಪಾ ಕಡೆ ತಿರುಗಿ ಕ್ಷಮೆ ಕೇಳಿದೆ. ಅವರು ಬಣ್ಣದ ಕಡ್ಡಿ ಆರಿಸುತ್ತಾ, ತಲೆ ಎತ್ತದೆ ಹೇಳಿದರು.

"ನಂಗೊತ್ತಿತ್ತು ಸಾರ್. ಅವತ್ತು ನೀವ್ ಕಾರ್ಡ್ ಕೀಳೋವಾಗ ಟಾರ್ಚ್ ಹಿಡ್ಕಂಡ್ ನಿಂತಿದ್ದೋಳು ನಾನೇ."

ಅದಾದ ಮೇಲೆ ಇನ್ನೂ ಹದಿಮೂರು ವರ್ಷ ಆ ಬ್ಯಾಗ್ ಹೊತ್ತೆ. ಯಾವ ಯಂತ್ರದ ಮುಂದೆ ಕೂತರೂ, ತಪ್ಪು ಯಾರದು ಅಂತ ಬರೆಯುವ ಮೊದಲು ಹಳೇ ರಿಪೋರ್ಟ್ ಪುಸ್ತಕ ತಿರುವಿ, ಇದನ್ನು ಕೊನೆಯ ಸಲ ಬಿಚ್ಚಿದವರು ಯಾರು ಅಂತ ನೋಡುವುದನ್ನು ಕಲಿತೆ. ಎಷ್ಟೋ ಸಲ ಅಲ್ಲಿ ನನ್ನ ಸಹಿಯೇ ಇರುತ್ತಿತ್ತು.